ಅಕೋಸುವಾಗೊಂದು ದೇಶ

“ಹಲೋ… ಹಲೋ, ಯಾರು ಮಾತಾಡ್ತಿರೋದು?…”

“ಬದರೀನಾಥಾ? ಅವರ ದನಿ ಇಷ್ಟು ಸಣ್ಣ ಯಾವಾಗ ಆಯ್ತು? ನೀನು ವಿಭಾ ಅಲ್ವಾ ಕಂದ?…”

“ಓ, ಅಲ್ಲಿ ಫೋನೆತ್ತಿದ ತಕ್ಷಣ ಮನೆ ಹೆಸರು ಹೇಳ್ಬೇಕಾ. ಸ್ಕೂಲಲ್ಲಿ ಹೇಳಿಕೊಟ್ರಾ. ಸರಿ, ನೀನು ಬದರೀನಾಥ್ ಆದ್ರೆ ನಿಮ್ಮಪ್ಪ ಫೋನೆತ್ತಿ ಏನಂತಾರೆ?… ಅವರೂ ಅದೇ ಅಂತಾರಾ. ಹಾಂ. ಹಾಗಾದ್ರೆ ಅಮ್ಮ ಬದರೀನಾಥನ್ನ ಕರಿ ಪುಟ್ಟ. ಅಮೆರಿಕದಿಂದ ಹಮೀದಾ ಆಂಟಿ ಅನ್ನು…”

ಅಮೆರಿಕದ ಲಿವೋನಿಯಾದಲ್ಲಿ ಶನಿವಾರ ಮಧ್ಯಾಹ್ನ ಎರಡು ಗಂಟೆ, ಜರ್ಮನಿಯ ಸ್ಟುಟ್‌ಗಾರ್ಟ್‌ನಲ್ಲಿ ಸಂಜೆ ಎಂಟು. ಹಮೀದಾ ಫೋನನ್ನು ಕಿವಿಗೂ ಭುಜಕ್ಕೂ ನಡುವೆ ಸಿಕ್ಕಿಸಿಕೊಂಡು ಮೆಂತ್ಯದ ಸೊಪ್ಪು ಬಿಡಿಸುತ್ತಿದ್ದಳು. ಮೇಜಿನ ಆಚೆ ಬದಿಗೆ ಕೂತು ಅದೇ ಕಟ್ಟಿನಿಂದ ಎಲೆ ಬಿಡಿಸುತ್ತಿದ್ದವಳು ಪಕ್ಕದ ಮನೆಯ ಗ್ರೇಸ್. ಘಾನಾ ದೇಶದವಳು, ನರ್ಸಿಂಗ್ ಹೋಮಿನಲ್ಲಿ ಮುದುಕರನ್ನು ನೋಡಿಕೊಳ್ಳುವ ಕೆಲಸ. ಇಬ್ಬರ ನಡುವೆ ಹಮೀದಾಳ ಮಗಳು ಆಮ್ನಾ ಅರ್ಧ ಬರೆದು ಬಿಟ್ಟ ಒಂದು ನೋಟ್‌ಬುಕ್ಕು ತೆರೆದಿತ್ತು. ಅದರಲ್ಲಿ ಸ್ಕೇಲಿಟ್ಟು ಗೆರೆ ಹೊಡೆದ ಐದು ಕಾಲಂ: ದೇಶ, ಫೀಸು, ಭಾಷೆ, ಚಳಿ, ಯಾರಿದ್ದಾರೆ.

ಗ್ರೇಸಳ ಮಗಳು ಅಕೋಸುವಾ ಕುಮಾಸಿ ಪಟ್ಟಣದಲ್ಲಿ ಅಜ್ಜಿಯ ಜೊತೆ ಇದ್ದಾಳೆ. ಶಾಲೆ ಮುಗಿಸಿ ಎರಡು ವರ್ಷವಾಯಿತು. ಅವಳಿಗೆ ಯೂರೋಪಿನಲ್ಲಿ ಕೈಗೆಟುಕುವ ಒಂದು ದೇಶ ಹುಡುಕಬೇಕು. ಹಮೀದಾ ಎರಡು ವಾರದಿಂದ ಅನ್ನಕ್ಕಿಟ್ಟು, ಬಟ್ಟೆ ಮಡಿಸಿ, ಚಿಕ್ಕ ಮಗಳು ಆಯತ್‌ಳನ್ನು ಮಲಗಿಸಿ, ಸಿಕ್ಕ ಸಂದಿನಲ್ಲಿ ಲೈಬ್ರರಿಗೆ ಹೋಗಿ ಆ ಕಾಲಂಗಳನ್ನು ತುಂಬಿಸಿದ್ದಳು. ಕೊನೆಯ ಕಾಲಂ ಮಾತ್ರ ಉದ್ದಕ್ಕೂ ಖಾಲಿ. ಜರ್ಮನಿಯ ಎದುರಿಗಷ್ಟೇ ಒಂದು ಹೆಸರಿತ್ತು: ಭಾನು. ಹಾಸನದ ಕಾಲೇಜಿನಲ್ಲಿ ಮೂರು ವರ್ಷ ಒಂದೇ ಬೆಂಚಿನಲ್ಲಿ ಕೂತವಳು.

“ಭಾನೂ, ನಾನು ಕಣೇ… ಹಾಂ, ಎಲ್ಲಾ ಚೆನ್ನಾಗಿದೀವಿ. ಊಟ ಆಯ್ತಾ?… ಬ್ರೆಡ್ಡಾ? ತಣ್ಣನೆ ಬ್ರೆಡ್ಡೇ ರಾತ್ರಿ ಊಟಾನಾ?… ವಿಭಾನೇ ಕೇಳ್ತಾಳಾ. ಅಲ್ಲಿಯವಳೇ ಆಗ್ಬಿಟ್ಟಳು ಬಿಡು…”

“ನಿಮ್ಮಮ್ಮನ ಮಂಡಿ ಹೇಗಿದೆ?… ಎಣ್ಣೆ ಹಚ್ಕೊಳ್ತಾರಾ?… ಹಚ್ಕೊಳ್ಳಲ್ಲ. ಗೊತ್ತಿತ್ತು…”

“ಅಲ್ಲ, ವಿಶೇಷ ಏನಿಲ್ಲ. ಸುಮ್ನೆ ಮಾಡ್ದೆ. ಒಂದು ವಿಷಯ ಕೇಳೋಣ ಅಂತ. ಹೀಗೇ, ತಿಳ್ಕೊಳ್ಳೋಕೆ. ಒಬ್ಬಳು ಹುಡುಗಿ ಇದಾಳೆ, ಹತ್ತೊಂಬತ್ತು ವರ್ಷ. ಸಿವಿಲ್ ಎಂಜಿನಿಯರಿಂಗ್ ಓದ್ಬೇಕಂತೆ. ಅದರಲ್ಲೂ ನೀರು ಸರಬರಾಜು, ಚರಂಡಿ, ಅದು… ಹೌದು, ಅವಳಿಗೇ ಆಸೆ. ಯಾರೂ ಬಲವಂತ ಮಾಡಿಲ್ಲ…”

“ಇಲ್ಲಿ ಆಗಲ್ಲ ಕಣೇ. ಫೀಸು ಕೇಳಿದ್ರೆ ಕೂತ್ಕೋಬೇಕು. ವೀಸಾ ಎರಡು ಸಲ ಇಲ್ಲ ಅಂದ್ರು. ಹೋದ ಸೆಪ್ಟೆಂಬರಲ್ಲಿ ಆ ಕಟ್ಟಡಗಳು ಬಿದ್ಮೇಲಂತೂ ನಮ್ಮಂಥೋರನ್ನೇ ಇನ್ನೊಂದ್ಸಲ ನೋಡ್ತಾರೆ. ಅದಕ್ಕೇ ಯೂರೋಪಲ್ಲಿ ಯಾವುದಾದ್ರೂ ದೇಶ…”

“ಹಾಂ?… ಬಷೀರ್ ಅಕ್ಕನ ಮಗಳಾ ಅಂತಾ?…”

ಹಮೀದಾ ಒಂದು ಕಡ್ಡಿ ಎತ್ತಿಕೊಂಡು ಎಲೆಗಳನ್ನು ಒಂದೊಂದಾಗಿ ಕಿತ್ತಳು. ಗಂಡ ಬಷೀರನ ಅಕ್ಕನ ಮಗಳಲ್ಲ ಎನ್ನಲಿಲ್ಲ. ಹೌದು ಎಂದೂ ಅನ್ನಲಿಲ್ಲ. ಎದುರಿಗೆ ಗ್ರೇಸ್ ತಲೆ ತಗ್ಗಿಸಿ ಕೆಲಸ ಮಾಡುತ್ತಿದ್ದಳು. ಅವಳಿಗೆ ಕನ್ನಡ ಬರುವುದಿಲ್ಲ. ದೇಶದ ಹೆಸರು ಬಂದಾಗ ಮಾತ್ರ ಕಣ್ಣೆತ್ತುತ್ತಿದ್ದಳು.

“ಇಂಗ್ಲೆಂಡಾ? ನಮ್ಮನೆಯವರೂ ಅದನ್ನೇ ಅಂದ್ರು. ಭಾಷೆ ಗೊತ್ತಿದೆಯಲ್ಲ ಅಂತ. ಭಾಷೆ ಗೊತ್ತಿದ್ದರೆ ಫೀಸು ಕಡಿಮೆ ಮಾಡ್ತಾರಾ? ಹೊರಗಿನವರಿಗೆ ಬೇರೆ ರೇಟು. ಅದನ್ನ ಹೊಡೆದು ಹಾಕಿದೆ…”

“ನಾರ್ವೇಲಿ ಫೀಸಿಲ್ಲ, ಸರಿ. ಒಂದು ವರ್ಷದ ಖರ್ಚು ಮುಂಚೆನೇ ಬ್ಯಾಂಕಲ್ಲಿ ತೋರಿಸ್ಬೇಕಂತೆ. ಅಷ್ಟರಲ್ಲಿ ಹಾಸನದಲ್ಲಿ ಒಂದು ಮದುವೆ ಮುಗಿಸಬಹುದು, ಬೀಗರೂಟ ಸೇರಿ…”

“ಸೈಪ್ರಸ್ಸು ಅಂತ ಅವಳ ಊರಲ್ಲಿ ಒಬ್ಬ ಏಜೆಂಟು ಗಂಟು ಬಿದ್ದಿದಾನೆ. ಓದ್ತಾ ಓದ್ತಾ ಕೆಲಸ ಮಾಡಿ ಫೀಸು ಕಟ್ಟಬಹುದು ಅಂತಾನೆ. ಕಾಲೇಜಿನ ಹೆಸರು ಮೂರು ಸಲ ಕೇಳಿದ್ವಿ, ಮೂರು ಸಲವೂ ಬೇರೆ ಬೇರೆ ಹೇಳಿದ. ಫೋಟೋ ಮಾತ್ರ ಒಂದೇ. ಸಮುದ್ರದ್ದು… ಅದೇ ಭಯ ಕಣೇ. ಬರೋ ಶುಕ್ರವಾರ ಮುಂಗಡ ಕಟ್ಟಬೇಕು. ಅಷ್ಟರಲ್ಲಿ ಬೇರೆ ದಾರಿ ಕಾಣದೇ ಇದ್ರೆ ಅವರಮ್ಮ ಕಟ್ಟಿಬಿಡ್ತಾಳೆ. ಇನ್ನೊಂದು ವರ್ಷ ಮಗಳನ್ನ ಮನೇಲಿ ಕೂರಿಸಲ್ಲ ಅಂತಾಳೆ…”

ಸೈಪ್ರಸ್ ಎಂದು ಕೇಳಿ ಗ್ರೇಸ್ ಕಣ್ಣೆತ್ತಿದಳು. ಹಮೀದಾ ಇಲ್ಲವೆಂಬಂತೆ ತಲೆಯಾಡಿಸಿದಳು. ಗ್ರೇಸ್ ಮತ್ತೆ ಸೊಪ್ಪಿಗೆ ಬಾಗಿದಳು.

“ಹಾಂ, ಫಿನ್ಲೆಂಡ್ ನನಗೂ ಮನಸ್ಸಿಗೆ ಬಂದಿತ್ತು. ಫೀಸಿಲ್ಲ, ಕೆಲವು ಕಡೆ ಇಂಗ್ಲಿಷಲ್ಲೇ ಪಾಠ. ಚಳಿ ಅನ್ನೋ ಕಡೆ ‘ತುಂಬಾ’ ಅಂತ ಬರೆದಿದೀನಿ. ಇಲ್ಲೇನು ಕಡಿಮೆನಾ, ಜನವರೀಲಿ ಸೊನ್ನೆಗಿಂತ ಕೆಳಗೆ ಹೋಗತ್ತೆ… ಫ್ಯಾರನ್‌ಹೀಟ್ ಕಣೇ, ನಿಮ್ಮ ಸೊನ್ನೆ ಅಲ್ಲ. ನಮ್ಮ ಸೊನ್ನೆ ಇನ್ನೂ ಕೆಟ್ಟದ್ದು… ಅದಲ್ಲ ಭಾನು, ಫಿನ್ಲೆಂಡಲ್ಲಿ ನಮಗೆ ಯಾರಿದಾರೆ? ಏರ್‌ಪೋರ್ಟಿಂದ ಕರ್ಕೊಂಡು ಬರೋಕೆ, ಜ್ವರ ಬಂದ್ರೆ ಫೋನ್ ಮಾಡೋಕೆ ಯಾರಾದ್ರೂ ಒಬ್ರು ಬೇಕಲ್ವಾ?…”

“ಹಾಂ. ಅದೇ. ಜರ್ಮನಿ…”

“ಗೊತ್ತು, ಮೊದಲು ಭಾಷೆ ಕಲೀಬೇಕು. ಆಮೇಲೆ ಒಂದು ವರ್ಷ ತಯಾರಿ ಕ್ಲಾಸು. ಜುಲೈ ಹದಿನೈದರೊಳಗೆ ಅರ್ಜಿ. ಎಲ್ಲಾ ಬರೆದಿಟ್ಟಿದೀನಿ. ಕಲೀತಾಳೆ ಬಿಡು, ನೀನು ಕಲಿತಿಲ್ವಾ?… ತರಕಾರಿ ಅಂಗಡಿಗಾಗುವಷ್ಟು ಅಂತೀಯಾ. ಅವಳು ಅದಕ್ಕಿಂತ ಸ್ವಲ್ಪ ಜಾಸ್ತಿ ಕಲೀತಾಳೆ…”

“ಇನ್ನೊಂದು. ಅಲ್ಲಿ ಸಂಬಳ ತಗೊಳ್ಳೋರು ಯಾರಾದ್ರೂ ಆಫೀಸಿಗೆ ಹೋಗಿ, ಈ ಹುಡುಗಿ ಖರ್ಚಿಗೆ ನಾವು ಜವಾಬ್ದಾರಿ ಅಂತ ಒಂದು ಕಾಗದಕ್ಕೆ ಸಹಿ ಹಾಕಿದ್ರೆ, ಬ್ಯಾಂಕಲ್ಲಿ ದುಡ್ಡು ತೋರಿಸೋದು ಬೇಡ ಅಂತ ಓದಿದೆ. ನಿಜಾನಾ?…”

“ಏ, ಇರು, ಇರು. ನೀವೇ ಹಾಕ್ತೀರಾ?… ಬದರೀನಾಥ್ ಅವರನ್ನ ಒಂದು ಮಾತು ಕೇಳಲ್ವಾ?… ಬಷೀರ್ ಅಕ್ಕನ ಮಗಳು ಅಂದ್ರೆ ಕೇಳೋದೇನಿದೆ ಅಂತಾ…”

ಕೇಳುವ ಮೊದಲೇ ಸಹಿ ಕೈಗೆ ಬಂದಿತ್ತು. ಇಲ್ಲಿಗೆ ಥ್ಯಾಂಕ್ಸ್ ಹೇಳಿ ಫೋನಿಟ್ಟರೆ ಎದುರಿಗೆ ಕೂತವಳಿಗೆ ಒಳ್ಳೆಯ ಸುದ್ದಿ ಕೊಡಬಹುದಿತ್ತು. ಹಮೀದಾ ಸೊಪ್ಪನ್ನು ಕೆಳಗಿಟ್ಟು, ಸೆರಗಿಗೆ ಕೈ ಒರೆಸಿಕೊಂಡು, ಫೋನನ್ನು ಭುಜದಿಂದ ಕೈಗೆ ತೆಗೆದುಕೊಂಡಳು.

“ಭಾನು, ತಡಿ. ಅವಳು ಇವರ ಅಕ್ಕನ ಮಗಳಲ್ಲ. ನೀನು ಹಾಗಂದಾಗ ನಾನು ಸುಮ್ಮನಿದ್ದೆ. ತಪ್ಪು ನಂದು…”

“ನಮ್ಮ ಪಕ್ಕದ ಮನೆ ಗ್ರೇಸ್ ಅಂತ, ಅವಳ ಮಗಳು. ಹೆಸರು ಅಕೋಸುವಾ. ಘಾನಾದವರು… ಆಫ್ರಿಕಾ, ಹೌದು…”

“ಹೌದು ಭಾನು. ಆಫ್ರಿಕಾದವರು ಆಫ್ರಿಕಾದವರ ಹಾಗೇ ಇರ್ತಾರೆ…”

ಆ ಕಡೆ ಟಿವಿಯ ಸದ್ದು ಕೇಳಿಸಿತು. ಯಾರೋ ಜರ್ಮನ್ ಭಾಷೆಯಲ್ಲಿ ಬಹಳ ಹೊತ್ತು ಹವಾಮಾನ ಹೇಳಿದರು. ಮಗಳ ಹೆಸರು ಕೇಳಿದ ಗ್ರೇಸ್ ಎಲೆ ಬಿಡಿಸುವುದನ್ನು ನಿಲ್ಲಿಸಿ ಹಮೀದಾಳ ಮುಖವನ್ನೇ ನೋಡುತ್ತಿದ್ದಳು.

“ಇದೀಯಾ?… ಇಲ್ಲ, ನಾನೂ ನೋಡಿಲ್ಲ. ಫೋಟೋ ನೋಡಿದೀನಿ. ಫೋನಲ್ಲಿ ಎರಡು ಸಲ ಮಾತಾಡಿದಾಳೆ. ನನ್ನನ್ನ ಆಂಟಿ ಅಂತಾಳೆ…”

“ಯಾಕೆ ಅಂದ್ರೆ… ಆಯತ್ ಹೊಟ್ಟೇಲಿದ್ದಾಗ ಡಾಕ್ಟ್ರು ಎರಡು ತಿಂಗಳು ಹಾಸಿಗೆ ಬಿಟ್ಟು ಏಳಬೇಡಿ ಅಂದಿದ್ರಲ್ಲ. ಊರಿಂದ ಯಾರಿಗೂ ಬರೋಕಾಗಲಿಲ್ಲ. ಇವಳು ಡ್ಯೂಟಿ ಮುಗಿಸ್ಕೊಂಡು ಬಂದು ಆಮ್ನಾನ ಸ್ಕೂಲಿಗೆ ರೆಡಿ ಮಾಡೋಳು. ಒಂದಿನ ತಲೆ ಬಾಚಿ ಕಳಿಸು ಅಂದೆ. ಮೂವತ್ತು ಜಡೆ ಹಾಕಿ ಕಳಿಸಿದಳು… ಎಣಿಸಿದೆ ಕಣೇ, ಮಲಗಿದ್ದೋಳಿಗೆ ಬೇರೇನು ಕೆಲಸ. ಎರಡು ತಿಂಗಳು ಬಿಚ್ಚೋಕೆ ಬಿಡ್ಲಿಲ್ಲ ಆಮ್ನಾ… ನಗಬೇಡ. ಇವಳು ಸ್ವಂತ ಮಗಳ ತಲೆ ಬಾಚಿ ಆಗ ಮೂರು ವರ್ಷ ಆಗಿತ್ತು. ಈಗ ಆರು…”

“ಹೋಗಿ ಬರೋ ಹಾಗಿಲ್ಲ. ಗ್ರೀನ್ ಕಾರ್ಡಿಗೆ ಅಪ್ಲೈ ಮಾಡಿ ಕಾಯ್ತಿದಾಳೆ. ಈಗ ದೇಶ ಬಿಟ್ರೆ ವಾಪಸ್ ಒಳಗೆ ಬಿಡ್ತಾರೋ ಇಲ್ವೋ…”

“ತಿಂತಾಳೆ. ಮೀನು, ಮಾಂಸ, ಎಲ್ಲಾ. ನಿಮ್ಮನೆಗೆ ಬಂದಾಗ ತಿನ್ನಲ್ಲ. ನಾನು ತಿಂತಿದ್ದೆನಾ?…”

ಹೇಳಿದ ಮೇಲೆ ಹಮೀದಾ ನಾಲಿಗೆ ಕಚ್ಚಿಕೊಂಡಳು. ಫೈನಲ್ ಪರೀಕ್ಷೆಯ ಸಮಯದಲ್ಲಿ ಹಾಸ್ಟೆಲ್ ಮುಚ್ಚಿದಾಗ ಭಾನುವಿನ ತಾಯಿ ಅವಳನ್ನು ಹದಿನೈದು ದಿನ ಮನೆಯಲ್ಲಿಟ್ಟುಕೊಂಡು, ಮಕ್ಕಳ ಸಾಲಿನಲ್ಲೇ ತಟ್ಟೆ ಹಾಕಿದ್ದರು. ಅದನ್ನು ಈಗ ಎತ್ತಿದರೆ ಅವರ ಅನ್ನವನ್ನು ಅವರಿಗೇ ತೂಗಿ ತೋರಿಸಿದ ಹಾಗೆ. ಅವಳು ಮಾತು ಬದಲಿಸಿದಳು.

“ಮನೇಲಿಟ್ಕೋ ಅಂತ ಕೇಳ್ತಿಲ್ಲ. ಹಾಸ್ಟೆಲಲ್ಲಿರ್ತಾಳೆ. ಖರ್ಚಿಗೆ ಗ್ರೇಸ್ ತಿಂಗಳು ತಿಂಗಳು ಕಳಿಸ್ತಾಳೆ… ಹೌದು. ಅವಳು ಕಳಿಸದೇ ಇದ್ರೆ ನಿಮ್ಮ ತಲೆಗೇ ಬರತ್ತೆ. ಇಲ್ಲ ಅಂತ ಹೇಳಲ್ಲ…”

“ಓನರಮ್ಮ ಏನಂತಾರೆ ಅಂತಾ? ನೀವು ಹೋದ ಹೊಸದರಲ್ಲಿ ಏನಂದಿದ್ರು?… ಒಗ್ಗರಣೆ ವಾಸನೆ ಅಂತ ಬಾಗಿಲಿಗೆ ಚೀಟಿ ಅಂಟಿಸಿದ್ರಾ. ಈಗ?… ಈಗಲೂ ಅಂಟಿಸ್ತಾರಾ. ಸರಿ, ಹಾಗಾದ್ರೆ ಇನ್ನೊಂದು ಚೀಟಿ ಅಷ್ಟೆ…”

“ಅವರನ್ನ ಕೇಳಿ ಹೇಳ್ತೀಯಾ. ಹಾಂ… ಕೇಳು. ಕೇಳ್ಬೇಕಾದ್ದೇ…”

ಅವರನ್ನು ಕೇಳಿ ಹೇಳುತ್ತೇನೆ ಎಂದರೆ ಏನೆಂದು ಹಮೀದಾಳಿಗೆ ಗೊತ್ತಿತ್ತು. ಚೀಟಿ ಹಣಕ್ಕೆ ಸೇರಿ ಎಂದವರಿಗೂ, ಪ್ಲಾಸ್ಟಿಕ್ ಡಬ್ಬಿ ಮಾರಲು ಬಂದವರಿಗೂ ಅವಳೇ ಎಷ್ಟೋ ಸಲ ಇದನ್ನೇ ಹೇಳಿ ಕಳಿಸಿದ್ದಳು. ಬಷೀರನನ್ನು ಒಂದು ಸಲವೂ ಕೇಳಿರಲಿಲ್ಲ. ಅವಳು ಗ್ರೇಸ್ ಕಡೆ ನೋಡದೆ ಕಡ್ಡಿಗಳನ್ನೆಲ್ಲ ಒಂದು ಕಡೆ ಗುಡ್ಡೆ ಮಾಡಿದಳು.

“ಈಗಲೇನಾ?… ಅಲ್ಲೇ ಇದಾರಾ? ಅಯ್ಯೋ, ಕೊಡಬೇಡ, ನೀನೇ ಕೇಳು… ಹಾಂ, ನಮಸ್ಕಾರ. ಇದು ನಿಜವಾದ ಬದರೀನಾಥ್ ಅವರು ತಾನೆ?…”

“ಚೆನ್ನಾಗಿದೀವಿ. ಕಾರ್ ಕಂಪನಿಗಳಲ್ಲಿ ಲೇಆಫ್ ನಡೀತಾನೇ ಇದೆ. ಇವರ ಕೆಲಸ ನಿನ್ನೆ ಶುಕ್ರವಾರದವರೆಗಂತೂ ಇತ್ತು…”

“ಗಣಿತಾನಾ? ಗಣಿತದಲ್ಲಿ ಎ ಬಂದಿದೆ. ಅವರ ಬೀದಿಯ ಮಕ್ಕಳಿಗೆಲ್ಲ ಟ್ಯೂಷನ್ ಹೇಳ್ತಾಳಂತೆ…”

“ಚರಂಡಿ ಯಾಕೆ ಅಂದ್ರೆ, ಅವಳ ತಾತ ಊರಿಗೆ ನೀರು ಬಿಡೋ ಕೆಲಸದಲ್ಲಿದ್ದರಂತೆ. ನಮ್ಮ ಕಡೆ ನೀರುಗಂಟಿ ಅಂತಾರಲ್ಲ, ಹಾಗೆ. ಚಿಕ್ಕವಳಿದ್ದಾಗ ವಾಲ್ವ್ ತಿರುಗಿಸೋಕೆ ಇವಳನ್ನೂ ಕರ್ಕೊಂಡು ಹೋಗ್ತಿದ್ರಂತೆ. ಯಾವ ಬೀದಿಗೆ ಎಷ್ಟು ಸುತ್ತು ಅಂತ ಈಗಲೂ ಬಾಯಿಪಾಠ… ಹಾಂ… ಹಾಂ…”

“ಭಾನೂ? ಏನಂದ್ರು?… ಏನೂ ಅನ್ನಲಿಲ್ವಾ. ಸುಮ್ನೆ ಫೋನ್ ಕೊಟ್ರಾ…”

“ಏನು ಹುಡುಕ್ತಿದಾರೆ?… ಪೆನ್ನಾ?…”

ಹಮೀದಾ ಕುರ್ಚಿಯಿಂದ ಎದ್ದು ನಿಂತಳು. ಯಾಕೆ ಎದ್ದೆನೆಂದು ತಿಳಿಯದೆ ಮತ್ತೆ ಕೂತಳು. ಅಷ್ಟರಲ್ಲಿ ಫೋನ್ ಕಾರ್ಡಿನ ರೆಕಾರ್ಡಿಂಗ್ ಹೆಂಗಸು ನಡುವೆ ಬಾಯಿ ಹಾಕಿ, ಕಾರ್ಡಿನಲ್ಲಿ ಇನ್ನು ಒಂದು ನಿಮಿಷ ಉಳಿದಿದೆ ಎಂದು ಇಂಗ್ಲಿಷಿನಲ್ಲಿ ಸಮಾಧಾನವಾಗಿ ತಿಳಿಸಿದಳು.

“ಹೆಸರು ಪಾಸ್‌ಪೋರ್ಟಲ್ಲಿರೋ ಹಾಗಾ? ಹೇಳ್ತೀನಿ, ಬರ್ಕೋ. ಮೊದಲು ಅಕೋಸುವಾ. ಎ, ಕೆ, ಓ, ಎಸ್, ಯು, ಎ… ಎಸ್ ಕಣೇ, ಎಫ್ ಅಲ್ಲ. ಎಸ್ ಫಾರ್ ಸಕಲೇಶಪುರ…”

ಗ್ರೇಸ್ ಕುರ್ಚಿಯನ್ನು ಹತ್ತಿರಕ್ಕೆ ಎಳೆದುಕೊಂಡಳು. ಇಷ್ಟು ಹೊತ್ತು ಅರ್ಥವಾಗದ ಮಾತಿನಲ್ಲಿ ಈಗ ಅವಳಿಗೆ ಒಂದೊಂದು ಅಕ್ಷರವೂ ತಿಳಿಯುತ್ತಿತ್ತು. ಅವಳ ತುಟಿಗಳು ಹಮೀದಾಳ ಹಿಂದೆಯೇ ಸದ್ದಿಲ್ಲದೆ ಆಡುತ್ತಿದ್ದವು.

“ಆಮೇಲೆ ಮನೆ ಹೆಸರು. ಬಿ ಫಾರ್ ಬೇಲೂರು. ಓ. ಎ ಫಾರ್ ಅರಸೀಕೆರೆ. ಟಿ ಫಾರ್ ತಿಪಟೂರು… ಹಾಂ, ಟಿ. ಆಮೇಲೆ ಇ. ಎನ್ ಫಾರ್ ನಂಜನಗೂಡು. ಇನ್ನೊಂದೇ ಅಕ್ಷರ ಭಾನು, ಕೊನೇದು…”

ಟಕ್ ಎಂದಿತು. ಆ ಕಡೆಯ ಟಿವಿ ಸದ್ದೂ ನಿಂತುಹೋಯಿತು. ಹಮೀದಾ ಫೋನನ್ನು ಕಿವಿಯಿಂದ ತೆಗೆದು ಒಮ್ಮೆ ನೋಡಿದಳು.

“ಜಿ,” ಎಂದಳು ಗ್ರೇಸ್, ಮೇಜಿನ ಮೇಲೆ ಬಾಗಿ, ಫೋನಿನೊಳಕ್ಕೆ.