ಗಾಡಿ ನಿಂದು, ದಾರಿ ನಂದು

ಗ್ಯಾರೇಜಿನ ಬೆಂಚಿನಲ್ಲಿ ನನ್ನ ಪಕ್ಕ ಇಬ್ಬರು ಗೆಳೆಯರು ಕೂತಿದ್ದರು. ಕಾರ್ ರ‍್ಯಾಲಿಗೆ ಹೊರಟವರು. ಬಾಗಿಲಿಗೆ ಹದಿನೇಳು ಎಂದು ಅಂಟಿಸಿದ್ದ ಅವರ ಹಳೇ ಕಾರು ಬಾನೆಟ್ ತೆರೆದುಕೊಂಡು ಎದುರಿಗೇ ಆರುತ್ತಿತ್ತು. ಒಬ್ಬನ ಕೈಯಲ್ಲಿ ಕಾರಿನ ಕೀ, ಇನ್ನೊಬ್ಬನ ತೊಡೆಯ ಮೇಲೆ ನಕ್ಷೆ.

“ಟೆಂಪರೇಚರ್ ಮುಳ್ಳು ಕೆಂಪಿಗೆ ಹೋಗಿದ್ದು ನೀನು ನೋಡ್ಲಿಲ್ವಾ?” ಎಂದ ಕೀ ಹಿಡಿದವನು.

“ನೋಡ್ದೆ. ಏರು ಹತ್ತೋಕೆ ಮುಂಚೇನೇ ನೋಡ್ದೆ.”

“ಮತ್ತೆ ಬಾಯಿ ಬಿಡೋದಲ್ವಾ?”

“ಗಾಡಿ ನಿಂದು, ದಾರಿ ನಂದು, ಒಬ್ಬರ ಕೆಲಸದಲ್ಲಿ ಇನ್ನೊಬ್ಬರು ಮೂಗು ತೂರಿಸೋದು ಬೇಡ ಅಂದೋನು ಯಾರು?”

“ನಾನೇ. ಹೋದ ವರ್ಷ ಅಷ್ಟು ಜಗಳ ಆಯ್ತಲ್ಲ, ಅದಕ್ಕೆ ಅಂದೆ.”

“ಅದಕ್ಕೇ ನಾನೂ ಸುಮ್ನಿದ್ದೆ.”

ಮೆಕ್ಯಾನಿಕ್ ಬಾನೆಟ್ ಮುಚ್ಚಿ, ಹೊಸ ಪೈಪ್ ಹಾಕಿದ್ದೇನೆ, ಇನ್ನು ಹೊರಡಬಹುದು ಎಂದ.

“ಏಳು, ಸಾಯಂಕಾಲದೊಳಗೆ ಮುಟ್ಟಬಹುದು,” ಎಂದ ನಕ್ಷೆಯವನು.

“ಮುಟ್ಟಲ್ಲ ಕಣೋ. ಸೇತುವೆ ಹತ್ರ ಎಡಕ್ಕೆ ತಿರುಗಬೇಕಿತ್ತು. ಉಳಿದ ಕಾರುಗಳೆಲ್ಲ ತಿರುಗಿದ್ವು.”

“ಸೇತುವೆ ಸಿಕ್ಕಿದ್ದು ಬೆಳಿಗ್ಗೆ ಅಲ್ವೇನೋ?”

“ಹೂಂ.”

“ಆಗಲೇ ಹೇಳೋದಲ್ವಾ?”

“ದಾರಿ ನಿಂದಲ್ವಾ.”

ನಕ್ಷೆಯವನು ನಕ್ಷೆ ಮಡಚಿ ಗೆಳೆಯನ ಕೈಗಿಟ್ಟು, ಅವನಿಂದ ಕೀ ತೆಗೆದುಕೊಂಡ.

“ಹಾಗಾದ್ರೆ ಇನ್ಮೇಲೆ ದಾರಿ ನಿಂದು,” ಎನ್ನುತ್ತ ಡ್ರೈವರ್ ಸೀಟಿನ ಕಡೆ ನಡೆದ.