ತಿರುಗಿ ಹೋಗುವ ನೀರು

ದಾಂಡೇಲಿ ಬಸ್‌ಸ್ಟ್ಯಾಂಡಿನಲ್ಲಿ ಹಳಿಯಾಳದ ಬಸ್ಸಿಗೆ ಕಾಯುತ್ತಿದ್ದೆ. ಪಕ್ಕದಲ್ಲಿ ಗಂಡ ಹೆಂಡತಿ ಕೂತಿದ್ದರು. ಪರರ ಮಾತು ಕೇಳುವುದು ಸರಿಯಲ್ಲವೆಂದು ಗೊತ್ತಿದ್ದೂ ಕೇಳಿದೆ. ಒಂದೆರಡು ಶಬ್ದ ತಪ್ಪಿರಲೂಬಹುದು.

"ಕಾರವಾರದ ಹತ್ರ, ಕಾಳಿ ಹೊಳಿ ಸಮುದ್ರ ಸೇರೂ ಜಾಗದಾಗ ಗದ್ದಿ. ಪಾಲಿಗೆ ಕೊಡ್ತಾರಂತ. ಗಜನಿ ಅಂತಾರ ಅದಕ್ಕ."

"ನೀರು ಬರ್ತೈತೇನ್ರಿ?"

"ಒಡ್ಡಿನ ತನಕ ದಿನಾ ಬರ್ತೈತಿ. ಸಮುದ್ರ ಉಬ್ಬಿದಾಗ ಹೊಳಿನ ಹಿಂದಕ್ಕ ಹರೀತೈತಿ."

"ಉಪ್ಪುನೀರು?"

"ಹೂಂ. ಮಳಿಗಾಲಕ್ಕ ಕಗ್ಗ ಭತ್ತ, ಅದು ಉಪ್ಪಿಗೆ ಅಂಜೂದಿಲ್ಲ. ಕೊಯ್ಲಾದ ಮ್ಯಾಲೆ ನೀರು ಒಳಗ ಬಿಟ್ಟು ಸಿಗಡಿ ಹಿಡಿಯೂದು."

"ಗದ್ದ್ಯಾಗ ಸಿಗಡಿ! ಇನ್ನ ಮರದಾಗ ಮೀನು ಅಂತೀರಿ."

"ಕಣ್ಣಾರೆ ನೋಡೀನಿ."

"ಸೂಪಾ ಡ್ಯಾಮಿನ ನೀರಾಗ ನಮ್ಮ ಗದ್ದಿ ಮುಳುಗಿ, ಕಟ್ಟಿಗಿ ಡಿಪೋದಾಗ ಕೂಲಿ ಮಾಡಾಕ ಹತ್ತೇವಿ. ಮತ್ತ ಅದ ಹೊಳ್ಯಾಗ ಗದ್ದಿ ಬೇಕೇನ್ರಿ ನಿಮಗ?"

"ಆ ನೀರು ಬಂದು ಕೂತಬಿಟ್ತು. ಈ ನೀರು ತಿರುಗಿ ಹೋಗ್ತೈತಿ, ತುಳಸಾ."



"ಒಳಗ ಬಿಡೋರು ಯಾರು?"

"ಒಡ್ಡಿನಾಗ ಹಲಗಿ ಬಾಗಲಾ ಐತಿ. ಗದ್ದಿ ಮಾಡೋರ ತೆಗೀಬೇಕು, ಅವರ ಮುಚ್ಚಬೇಕು."

"ಅಂದ್ರ ನಾವ?"

"ನಾವ."

ಕಾರವಾರದ ಬಸ್ಸು ಬಂತು. ತುಳಸಾ ಗಂಟು ಎತ್ತಿಕೊಂಡು ಗಂಡನಿಗಿಂತ ಮೊದಲೇ ಎದ್ದಳು.

"ಹೋದಕೂಡ್ಲೆ ಆ ಬಾಗಲಾ ತೋರಿಸ್ರಿ. ನಾನ ಒಮ್ಮೆ ತೆಗದು ಮುಚ್ಚಿ ನೋಡ್ತೇನಿ."