‘ಮುಗಿಯಿತು’ ಅಂತ ಬರೆದ ಚರಂಡಿ

ಅಲ್ಲ ಅಲ್ಲ, ಮೊದಲನೇ ಲಾಕ್‌ಡೌನ್‌ನಲ್ಲಿ ಅಲ್ಲ ಅದು, ಆಗ ನಿಮ್ಮಜ್ಜ ಇನ್ನೂ ಗಟ್ಟಿ ಇದ್ರು, ಹೊರಗೆ ಹೋಗ್ಲಿಕ್ಕೆ ಬಿಡುದಿಲ್ಲ ಅಂತ ಈ ಪೋರ್ಚಲ್ಲೇ ಕಾರಿನ ಸುತ್ತ ದಿನಾ ಇಪ್ಪತ್ತು ಸುತ್ತು ಹಾಕ್ತಿದ್ರು. ನಾನು ಹೇಳುದು ಅದರ ಮರುವರ್ಷದ್ದು. ಈಗ ನಿಮ್ಮಪ್ಪ ಆ ಮನೆ ತೆರಿಗೆ ಬಿಲ್ ನೋಡಿ ಗೊಣಗಿದ್ನಲ್ಲ, ‘ಇವರು ನಮ್ಮ ದುಡ್ಡು ತಗೊಂಡು ಎಂತ ಮಾಡ್ತಾರೆ’ ಅಂತ, ಅದಕ್ಕೆ ನೆನಪಾಯ್ತು. ನೀವು ಮಾಂಟ್ ಕಿಯಾರಾದ ಫ್ಲ್ಯಾಟಲ್ಲಿ ಇಪ್ಪತ್ತನೇ ಮಹಡಿಯಲ್ಲಿ ಇರುವವರು, ನಿಮಗೆ ಚರಂಡಿ ಅಂದ್ರೆ ಎಂತ ಗೊತ್ತು? ಇಲ್ಲಿಯವರ ಮಲಾಯ್ ಮಾತಲ್ಲಿ ಲೊಂಗ್‌ಕಾಂಗ್ ಅಂದ್ರೆ ಗೊತ್ತಾಗ್ತದಲ್ಲ? ಹಾಂ, ಅದೇ. ಈ ಸಾಲು ಮನೆಗಳ ಹಿಂದೆ ಓಣಿ ಉಂಟಲ್ಲ, ಅದರಲ್ಲಿ ಹೋಗುವ ಲೊಂಗ್‌ಕಾಂಗ್. ಅದರ ಕತೆ ಇದು. ನಗ್ಬೇಡ ನಿಖಿಲ್, ಚರಂಡಿಗೂ ಕತೆ ಇರ್ತದೆ.

ಆ ವರ್ಷ ಅಜ್ಜ ಬಾತ್‌ರೂಮಲ್ಲಿ ಜಾರಿ ಬಿದ್ದು ಸೊಂಟದ ಮೂಳೆ ಮುರ್ಕೊಂಡ್ರು. ಆಸ್ಪತ್ರೆ ಅಂದ್ರೇನೇ ಹೆದರಿಕೆ ಆಗುವ ಕಾಲ. ಮೂವತ್ತು ವರ್ಷ ಮೆಡಿಕಲ್ ಕಾಲೇಜಲ್ಲಿ ಪಾಠ ಮಾಡಿದ ಮನುಷ್ಯ, ಆಪರೇಷನ್ ಆದ ಮೂರನೇ ದಿನಕ್ಕೇ ‘ನನ್ನನ್ನು ಮನೆಗೆ ಕರ್ಕೊಂಡು ಹೋಗು’ ಅಂತ ಮಕ್ಕಳ ಹಾಗೆ ಹಠ. ಮೆಟ್ಟಿಲು ಹತ್ಲಿಕ್ಕಾಗುದಿಲ್ಲ, ಅದಕ್ಕೆ ಕೆಳಗೆ ಹಾಲಲ್ಲೇ ಬಾಡಿಗೆ ಮಂಚ ಹಾಕಿಸಿದ್ವಿ, ಆಸ್ಪತ್ರೆ ಮಂಚ, ತಿರುಗಿಸುವ ಹ್ಯಾಂಡಲ್ ಇರುವಂಥದ್ದು. ನಿಮ್ಮಪ್ಪ ಬರ್ಬೇಕು ಅಂದ್ರೂ ರಸ್ತೆಯಲ್ಲಿ ಪೊಲೀಸ್ ತಡೆ, ಪರ್ಮಿಷನ್ ಕಾಗದ ಬೇಕು. ನಾನೊಬ್ಬಳೇ. ಅನ್ನ ಬೇಯಿಸುದು, ಅವರನ್ನು ಒರೆಸುದು, ಮಾತ್ರೆ ಕೊಡುದು. ಸಾಕಾಗ್ತಿತ್ತು ಅದಿತಿ ಮಾರಾಯ್ತಿ.

ಅದರ ಮಧ್ಯೆ ಈ ಚರಂಡಿ. ಹಿಂದೆ ಒಂದು ಕಡೆ ಕಾಂಕ್ರೀಟ್ ಒಡೆದು ಒಳಗೆ ಬಿದ್ದಿತ್ತು, ನೀರು ನಿಂತು ನಿಂತು ವಾಸನೆ, ಸೊಳ್ಳೆ. ಮಧ್ಯಾಹ್ನ ಮೇಲೆ ಇಲ್ಲಿ ಮಳೆ ಹೊಡೆಯುದು ಗೊತ್ತುಂಟಲ್ಲ, ಮಳೆ ಬಂದಾಗೆಲ್ಲ ನೀರು ಹಿತ್ತಿಲ ಗೇಟಿನ ತನಕ ಬರ್ತಿತ್ತು. ನಾನು ನಗರಸಭೆಗೆ ಫೋನ್ ಮಾಡಿದೆ. ಒಳ್ಳೆ ರೀತಿಯಲ್ಲೇ ಮಾತಾಡಿದ್ರು, ದೂರಿನ ನಂಬರು ಕೊಟ್ರು. ಎರಡು ವಾರ ಆಯ್ತು, ಫೋನಿಗೆ ಮೆಸೇಜು ಬಂತು, ‘ಸೆಲೆಸಾಯ್’. ಮುಗಿಯಿತು ಅಂತ. ನಾನು ಹಿತ್ತಿಲ ಬಾಗಿಲು ತೆಗ್ದು ನೋಡ್ತೇನೆ, ಎಂತ ಮುಗಿದದ್ದು? ಅದೇ ಕಾಂಕ್ರೀಟ್ ತುಂಡು, ಅದೇ ನೀರು. ಮತ್ತೆ ಫೋನ್ ಮಾಡಿದೆ. ಮತ್ತೆ ನಂಬರು. ಮತ್ತೆ ‘ಸೆಲೆಸಾಯ್’. ಮೂರು ಸಲ ಮಕ್ಕಳೇ, ಮೂರು ಸಲ! ಅಜ್ಜ ಮಂಚದಿಂದಲೇ ಹೇಳಿದ್ರು, ‘ನೋಡು, ನಾವು ಹೊರಗಿನವರು. ಅನ್ನ ಕೊಟ್ಟ ಊರು ಇದು. ಮನೆ ಕೊಟ್ಟಿದೆ, ಮರ್ಯಾದೆ ಕೊಟ್ಟಿದೆ. ಒಂದು ಚರಂಡಿಗೆ ಅವರ ಹತ್ರ ಜಗಳ ಮಾಡ್ಬೇಡ.’ ನಾನೂ ಸುಮ್ಮನಾದೆ. ಹೌದಲ್ಲ ಅಂತ ಕಂಡಿತು ನನಗೂ. ನಮಗೆ ಇಲ್ಲಿ ವೋಟಿಲ್ಲ. ಅಷ್ಟೇ ಅಲ್ಲ, ಇಲ್ಲಿ ನಗರಸಭೆ ಮೆಂಬರಿಗೆ ಯಾರೂ ವೋಟ್ ಹಾಕುದಿಲ್ಲ, ಸರಕಾರವೇ ನೇಮಿಸುದು. ಮತ್ತೆ ನಾನು ಯಾವ ಬಾಯಲ್ಲಿ ಕೇಳುದು?

ಹಾಗೇ ಒಂದು ದಿನ, ಮಧ್ಯಾಹ್ನ ಮೂರು ಗಂಟೆ ಇರಬಹುದು, ಮೂರೂವರೆಯೋ, ಅಂತೂ ಅಜ್ಜನಿಗೆ ಚಾ ಮಾಡ್ಲಿಕ್ಕೆ ನೀರಿಟ್ಟಿದ್ದೆ. ಮಳೆ ಶುರುವಾಯ್ತು. ಎಂಥ ಮಳೆ ಅಂದ್ರೆ ಎದುರು ಮನೆ ಕಾಣ್ತಿರ್ಲಿಲ್ಲ. ಕಾಲಿಗೆ ಏನೋ ತಣ್ಣಗೆ ತಾಗಿತು. ಬಗ್ಗಿ ನೋಡ್ತೇನೆ, ಅಡುಗೆಮನೆ ತುಂಬಾ ಕಪ್ಪು ನೀರು! ಹಿಂದಿನಿಂದ ಬರ್ತಾ ಉಂಟು, ನೋಡ್ತಾ ನೋಡ್ತಾ ಹಾಲಿಗೆ ಬಂತು. ಮಂಚದ ಮೋಟರು ಕೆಳಗುಂಟು, ಪ್ಲಗ್ಗು ನೆಲದ ಹತ್ರ. ಅಲ್ಲ, ಮೋಟರಲ್ಲ ಅದು, ಬೆನ್ನು ಹುಣ್ಣಾಗಬಾರ್ದು ಅಂತ ಗಾಳಿ ತುಂಬುವ ಹಾಸಿಗೆಯ ಪಂಪು. ಕರೆಂಟ್ ಆಫ್ ಮಾಡಿದೆ. ಆಮೇಲೆ? ಅವರನ್ನು ಎತ್ಲಿಕ್ಕೆ ನನ್ನಿಂದ ಆಗ್ತದಾ? ಪೋರ್ಚಿಗೆ ಓಡಿ ಬಂದು ಕೂಗಿದೆ. ಎಂತ ಕೂಗಿದೆ ಅಂತ ಗೊತ್ತಿಲ್ಲ, ಕನ್ನಡದಲ್ಲೇ ಕೂಗಿರ್ಬೇಕು.

ಆಗ ಒಬ್ಬರ ಮನೆಗೆ ಒಬ್ಬರು ಹೋಗುವ ಹಾಗಿರ್ಲಿಲ್ಲ, ದಂಡ ಹಾಕ್ತಿದ್ರು. ಆದ್ರೂ ಬಂದ್ರು. ಬಲಗಡೆ ಮನೆಯ ಮುರುಗೇಶನ್, ಲಾರಿ ಓಡಿಸಿ ರಿಟೈರ್ ಆದವ್ರು, ಲುಂಗಿ ಎತ್ತಿ ಕಟ್ಟಿ ನೀರಲ್ಲೇ ದಪದಪ ಬಂದ್ರು. ಎಡಗಡೆಯಿಂದ ಲಿಮ್ ಅಂಕಲ್, ಅವರ ಹೆಂಡತಿ. ಲಿಮ್ ಅಂಕಲ್‌ಗೆ ಪೇಂಟಿಂಗ್ ಕೆಲಸ ಅಲ್ವಾ, ಒಂದು ಸಲ ನೋಡಿದ್ರು, ವಾಪಸ್ ಓಡಿದ್ರು. ನಾನು ಗ್ರಹಿಸಿದೆ, ಹೆದರಿ ಹೋದ್ರು ಅಂತ. ಇಲ್ಲ! ತುಂಬಿದ ಪೇಂಟ್ ಡಬ್ಬ ತಂದ್ರು, ಇಷ್ಟು ದೊಡ್ಡದು, ನಾಲ್ಕು. ‘ಆಂಟಿ, ನೀವು ಆ ಮೂಲೆ ಹಿಡೀರಿ. ನಾವು ಎತ್ತುದು, ನನ್ನ ಹೆಂಡತಿ ಡಬ್ಬ ತಳ್ಳುದು, ಓಕೆ ಲಾ?’ ಒಂದೊಂದೇ ಕಾಲು ಎತ್ತಿ, ಒಂದೊಂದೇ ಡಬ್ಬ ಅಡಿಗಿಟ್ವಿ. ನಿಮ್ಮಜ್ಜ ಮೇಲೆ ಮಲಗಿ ಎಂತ ಮಾಡ್ತಿದ್ರು ಗೊತ್ತುಂಟಾ? ‘ಮಾಸ್ಕ್! ಮಾಸ್ಕ್ ಮೂಗಿನ ಮೇಲೆ ಹಾಕಿ! ಒಂದು ಮೀಟರ್ ದೂರ ನಿಲ್ಲಿ!’ ಮಂಚ ಎತ್ತುವವರು ಒಂದು ಮೀಟರ್ ದೂರ ನಿಂತು ಎತ್ಲಿಕ್ಕಾಗ್ತದಾ? ಮುರುಗೇಶನ್ ತಮಿಳಲ್ಲಿ ಏನೋ ಬೈದ್ರು, ನಗ್ತಾ ನಗ್ತಾ. ಆದ್ರೆ ಕೊನೇ ಡಬ್ಬ ಇಟ್ಟಾದ ಮೇಲೆ ನೋಡ್ತೇನೆ, ಅಜ್ಜ ಮುಖ ಆಚೆ ತಿರುಗಿಸಿದ್ದಾರೆ. ಅಳ್ತಿದ್ರು. ಮದುವೆಯಾಗಿ ನಲವತ್ತು ವರ್ಷದ ಮೇಲಾಗಿತ್ತು, ಅವರು ಅತ್ತದ್ದು ನಾನು ನೋಡಿರ್ಲಿಲ್ಲ. ಮೊಣಕಾಲಿನ ತನಕ ಬಂದ ನೀರು ಒಂದು ಗಂಟೆಯಲ್ಲಿ ಇಳೀತು. ಲಿಮ್ ಅಂಕಲ್ ಹೆಂಡತಿ ಮರುದಿನ ಗಂಜಿ ತಂದು ಗೇಟಿಗೆ ತೂಗು ಹಾಕಿ ಹೋದ್ರು. ಎಷ್ಟು ವರ್ಷ ಪಕ್ಕದಲ್ಲಿದ್ದದ್ದು ನಾವು! ಕೈ ಬೀಸಿದ್ದು ಬಿಟ್ರೆ ಮಾತೇ ಆಡಿರ್ಲಿಲ್ಲ.

ನಗರಸಭೆ ಆಫೀಸು ತೆರೆದ ಮೇಲೆ ನಾನು ಹೋದೆ. ಈ ಸಲ ಅಜ್ಜ ತಡೀಲಿಲ್ಲ. ಮುರುಗೇಶನ್ ಬಂದು ಅಜ್ಜನ ಹತ್ರ ಕೂತ್ಕೊಂಡ್ರು. ಟೋಕನ್ ತಗೊಂಡು, ಜ್ವರ ನೋಡಿಸ್ಕೊಂಡು ಕೂತೆ. ಕಡೆಗೆ ಒಳಗೆ ಕರೆದ್ರು. ಹಲೀಮಾ ಮೇಡಮ್, ಇಲ್ಲಿಯವರ ಬಾಯಲ್ಲಿ ಪುವಾನ್ ಹಲೀಮಾ, ಚರಂಡಿ ವಿಭಾಗದ ಇಂಜಿನಿಯರು, ಐವತ್ತು ವರ್ಷ ಇರಬಹುದು, ತಲೆಗೆ ನೀಲಿ ಬಟ್ಟೆ, ಕಣ್ಣ ಕೆಳಗೆ ಕಪ್ಪು. ನಾನು ಮೀನು ಮಾರ್ಕೆಟ್ಟಲ್ಲಿ ಕಲಿತ ಮಲಾಯ್ ಭಾಷೆಯಲ್ಲಿ ಎಲ್ಲ ಹೇಳಿದೆ. ಅವರು ಕಂಪ್ಯೂಟರ್ ನೋಡಿದ್ರು. ‘ಆಂಟಿ, ಇಲ್ಲಿ ಕೆಲಸ ಆಗಿದೆ ಅಂತ ಉಂಟು. ಕಂಟ್ರಾಕ್ಟರ್‌ಗೆ ಬಿಲ್ಲೂ ಪಾಸಾಗಿದೆ. ಫೋಟೋ ನೋಡಿ.’ ಸ್ಕ್ರೀನ್ ನನ್ನ ಕಡೆ ತಿರುಗಿಸಿದ್ರು. ಚಂದದ ಚರಂಡಿ, ಬೆಳ್ಳಗೆ. ಅದರ ಹಿಂದೆ ಹಣ್ಣು ಬಿಟ್ಟ ರಂಬುಟಾನ್ ಮರ. ನಾನು ಹೇಳಿದೆ, ‘ನಮ್ಮ ಓಣಿಯಲ್ಲಿ ರಂಬುಟಾನ್ ಇಲ್ಲ. ಒಂದೇ ಒಂದು ಮರ ಇರುದು ಕರಿಬೇವಿಂದು, ಅದು ನಾನು ನೆಟ್ಟದ್ದು.’

ಅವರು ಫೈಲು ತರಿಸಿದ್ರು, ಒಂದೊಂದೇ ಹಾಳೆ ತಿರುಗಿಸಿದ್ರು. ನಮ್ಮ ರಸ್ತೆಯ ನಂಬರು ನಾಲ್ಕು ಬಾರ್ ಒಂಬತ್ತು ಅಲ್ವಾ? ಕೆಲಸ ಆದದ್ದು ಒಂಬತ್ತು ಬಾರ್ ನಾಲ್ಕರಲ್ಲಿ! ಅಲ್ಲಿ ಚರಂಡಿ ಮೊದಲೇ ಸರಿ ಇತ್ತಂತೆ, ಅದನ್ನೇ ತೊಳೆದು, ಸಿಮೆಂಟ್ ಸವರಿ, ಫೋಟೋ ತೆಗ್ದು ಹೋಗಿದ್ದಾರೆ. ತಪ್ಪಿ ಆದದ್ದೋ, ಸುಲಭದ ಕೆಲಸ ಅಂತ ಬೇಕಂತಲೇ ಮಾಡಿದ್ದೋ, ಕಂಟ್ರಾಕ್ಟರ್ ಮನಸ್ಸು ನನಗೆ ಇವತ್ತಿಗೂ ಗೊತ್ತಿಲ್ಲ. ಆದ್ರೆ ಆ ಹೆಂಗಸು ಆಗ ಎಂತ ಬೇಕಾದ್ರೂ ಹೇಳಬಹುದಿತ್ತು. ‘ನೋಡ್ತೇವೆ ಆಂಟಿ, ಫೋನ್ ಮಾಡ್ತೇವೆ’ ಅಂತ ಕಳಿಸಬಹುದಿತ್ತು. ನಾನು ಯಾರು, ಒಂದು ಮುದುಕಿ! ಅವರು ಫೈಲು ಮುಚ್ಚಿದ್ರು, ನನ್ನ ಮುಖ ನೋಡಿದ್ರು, ‘ಇನಿ ಸಾಲಾ ಕಾಮಿ, ಆಂಟಿ’ ಅಂದ್ರು. ಇದು ನಮ್ಮ ತಪ್ಪು ಅಂತ. ಅದಿತಿ, ನಿಜ ಹೇಳ್ತೇನೆ, ಆಫೀಸಿನ ಮೇಜಿನ ಆಚೆ ಬದಿಯಿಂದ ಆ ಮಾತು ನಾನು ಜೀವನದಲ್ಲಿ ಮೊದಲ ಸಲ ಕೇಳಿದ್ದು. ನನ್ನ ಸಿಟ್ಟೆಲ್ಲ ಎಲ್ಲಿ ಹೋಯ್ತೋ.

ಮರುದಿನವೇ ಪುವಾನ್ ಹಲೀಮಾ ಬಂದ್ರು, ಬೂಟು ಹಾಕ್ಕೊಂಡು ಚರಂಡಿಯೊಳಗೇ ಇಳಿದು ನೋಡಿದ್ರು. ‘ಹೂಳು ತೆಗೆಯುದು ಆ ಕಂಟ್ರಾಕ್ಟರ್ ಕೈಯಲ್ಲೇ, ಅವನ ಖರ್ಚಲ್ಲೇ ಮಾಡಿಸ್ತೇನೆ. ಆದ್ರೆ ಆಂಟಿ, ಗೋಡೆ ಒಡೆದಿದೆ, ಹೊಸದಾಗಿ ಕಟ್ಬೇಕು. ಈ ವರ್ಷದ ದುಡ್ಡು ಕೋವಿಡ್ ಕೆಲಸಕ್ಕೆ ಹೋಗಿದೆ. ಮುಂದಿನ ವರ್ಷದ ಬಜೆಟ್ಟಿಗೆ ಊರವರ ಸಭೆ ಉಂಟು, ಕಂಪ್ಯೂಟರಲ್ಲಿ. ನೀವು ಬಂದು ಮಾತಾಡಿ.’ ನಾನು ಹೇಳಿದೆ, ‘ನಾನು ಇಲ್ಲಿಯ ಸಿಟಿಜನ್ ಅಲ್ಲ.’ ಬೇಕಾದ್ರೆ ಇರ್ಲಿ ಅಂತ ನಾನು ಮನೆ ತೆರಿಗೆಯ ರಸೀದಿ ಹಿಡ್ಕೊಂಡಿದ್ದೆ, ಅದನ್ನು ಬೆರಳಲ್ಲಿ ತಟ್ಟಿ ಕೇಳಿದ್ರು, ‘ಇದರಲ್ಲಿ ಯಾರ ಹೆಸರುಂಟು?’ ‘ನನ್ನದು.’ ‘ಮತ್ತೆ? ಅಷ್ಟು ಸಾಕು ಲಾ.’

ಸಭೆಯ ದಿನ ಬಂತು. ಮೂರು ನಿಮಿಷ ಕೊಡ್ತಾರಂತೆ. ಮಲಾಯ್ ಮಾತುಗಳನ್ನು ಕನ್ನಡ ಅಕ್ಷರದಲ್ಲಿ ಬರ್ಕೊಂಡಿದ್ದೆ. ಅಜ್ಜನ ಮಂಚದ ಪಕ್ಕದಲ್ಲೇ ಲ್ಯಾಪ್‌ಟಾಪ್. ಅವರು ‘ನನಗೆ ಇಸ್ತ್ರಿ ಮಾಡಿದ ಅಂಗಿ ಹಾಕು’ ಅಂದ್ರು. ‘ನೀವು ಕಾಣುದಿಲ್ಲ’ ಅಂದೆ. ‘ಹಾಕು ಅಂದ್ರೆ ಹಾಕು’ ಅಂದ್ರು. ನನ್ನ ಹೆಸರು ಕರೆದ್ರು. ಓದ್ಲಿಕ್ಕೆ ಶುರು ಮಾಡಿದೆ, ಎರಡನೇ ಸಾಲಲ್ಲೇ ಎಡವಿದೆ, ನನ್ನದೇ ಅಕ್ಷರ ನನಗೇ ಓದ್ಲಿಕ್ಕಾಗ್ಲಿಲ್ಲ. ಕಾಗದ ಕೆಳಗಿಟ್ಟೆ. ಮಂಚ ಎತ್ತಿದ್ದು ಹೇಳಿದೆ, ಪೇಂಟ್ ಡಬ್ಬದ್ದು ಹೇಳಿದೆ, ಮೂರು ಸಲ ಬಂದ ಮೆಸೇಜಿಂದು ಹೇಳಿದೆ. ‘ನೀವು ಚರಂಡಿ ಯಾವಾಗ ಕಟ್ತೀರೋ ಕಟ್ಟಿ, ನಾನು ಕಾಯ್ತೇನೆ. ಆದ್ರೆ ಮುಗಿಯಿತು ಅಂತ ಬರೆಯುವ ಮೊದಲು ದೂರು ಕೊಟ್ಟವರಿಗೆ ಒಂದು ಫೋನ್ ಮಾಡಿ. ಮುಗಿದದ್ದು ಹೌದಾ ಅಂತ ಕೇಳಿ. ಅಷ್ಟೇ ನನ್ನ ಬೇಡಿಕೆ.’ ಸಭೆ ನಡೆಸುತ್ತಿದ್ದವರು ‘ತೆರಿಮಾ ಕಾಸಿ, ಪುವಾನ್’ ಅಂತ ಥ್ಯಾಂಕ್ಸ್ ಹೇಳುವಷ್ಟರಲ್ಲಿ ಪಕ್ಕದಿಂದ ಅಜ್ಜನ ಗಂಟಲು, ಜೋರಾಗಿ, ‘ನಾನೂ ಅದನ್ನೇ ಹೇಳ್ತೇನೆ! ಆ ಮಂಚದಲ್ಲಿ ಇದ್ದವನು ನಾನೇ!’ ಬಾಯಿ ಮುಚ್ಕೊಂಡಿರು ಅಂದ ಮನುಷ್ಯ! ಸ್ಕ್ರೀನಿನ ಎಲ್ಲಾ ಚೌಕಗಳಲ್ಲೂ ಜನ ನಕ್ಕರು, ನಾನು ಅತ್ತೆ.

ಮತ್ತೆ ಕೂಡ್ಲೇ ಆಯ್ತಾ? ಇಲ್ಲ. ಕಂಟ್ರಾಕ್ಟರ್ ಬಂದು ಮೇಲಿನ ಹೂಳು ತೆಗ್ದು ಹೋದ, ಗೋಡೆಗೆ ಎಷ್ಟೋ ತಿಂಗಳು ಹೋಯ್ತು. ಮಳೆ ಬಂದ್ರೆ ನಾವು ನಾಲ್ಕು ಮನೆಯವರು ಹಿಂದಿನ ಗೇಟಿಗೆ ಮರಳಿನ ಚೀಲ ಒಟ್ಟುದು, ಆಮೇಲೆ ಮುರುಗೇಶನ್ ಮೂಲೆಯ ಮಮಾಕ್ ಹೋಟ್ಲಿಂದ ಚಾ ಕಟ್ಟಿಸ್ಕೊಂಡು ಬರುದು. ಆದ್ರೆ ಹೊಸ ವರ್ಷದಲ್ಲಿ ನಮ್ಮ ಓಣಿಯ ಹೆಸರು ಪಟ್ಟಿಯಲ್ಲಿ ಬಂತು, ಕೆಲಸದವರು ಬಂದ್ರು, ಅಗೆದ್ರು. ಆ ದಿನ ಇನ್ನೊಂದು ಮಜಾ ಆಯ್ತು, ಮಜಾ ಅಲ್ಲ, ನನ್ನ ಮಾನ ಹೋಯ್ತು. ಅಡಿಯಲ್ಲಿ ಉಳಿದ ಹೂಳಿನ ಜೊತೆ ತೆಂಗಿನ ಗೆರಟೆ, ಒಂದಲ್ಲ ಎರಡಲ್ಲ, ಬುಟ್ಟಿಗಟ್ಟಲೆ! ಪುವಾನ್ ಹಲೀಮಾ ಒಂದನ್ನು ಕೈಯಲ್ಲಿ ಹಿಡ್ಕೊಂಡು ಕೇಳಿದ್ರು, ‘ಈ ಓಣಿಯಲ್ಲಿ ಇಷ್ಟು ತೆಂಗಿನಕಾಯಿ ತಿನ್ನುವ ಮನೆ ಯಾವುದು?’ ಎಲ್ಲರೂ ನನ್ನನ್ನೇ ನೋಡಿದ್ರು. ಉಡುಪಿಯವಳು ನಾನು, ದಿನಾ ಕಾಯಿ ತುರಿಯದೆ ಒಲೆ ಹಚ್ಚುವವಳಲ್ಲ. ಗೆರಟೆ ಹಿತ್ತಿಲ ಗೋಡೆಯ ಆಚೆ ಒಟ್ತಿದ್ದೆ, ಮಳೆಗೆ ಅದು ಎಲ್ಲಿ ಹೋಗ್ತದೆ ಅಂತ ಒಂದು ದಿನವೂ ಯೋಚನೆ ಮಾಡಿದವಳಲ್ಲ. ‘ಸಾಲಾ ಸಾಯಾ’ ಅಂದೆ, ನನ್ನ ತಪ್ಪು. ಬೇರೆ ಎಂತ ಹೇಳುದು? ಅವರು ಹೇಳಿದ್ರು ಅಲ್ವಾ, ನಾನೂ ಹೇಳ್ಬೇಕಲ್ಲ. ಕೆಲಸ ಆದ ಮೇಲೆ ನಿಜವಾಗಿಯೂ ಫೋನ್ ಬಂತು, ‘ಆಂಟಿ, ಸೆಲೆಸಾಯ್ ಅಂತ ಬರೆಯಬಹುದಾ?’ ‘ಒಂದು ಮಳೆ ಬರ್ಲಿ, ನೋಡಿ ಹೇಳ್ತೇನೆ’ ಅಂದೆ. ಮಳೆ ಬಂತು, ನೀರು ಸರಸರ ಹರಿದು ಹೋಯ್ತು. ಆಮೇಲೆ ಬರೀರಿ ಅಂದೆ.

ಅದಾದ ಮೇಲೆ ಒಂದು ಡಬ್ಬ ಚಕ್ಕುಲಿ ಮಾಡಿ ಆಫೀಸಿಗೆ ತಗೊಂಡು ಹೋದೆ. ಮುಟ್ಟಲೇ ಇಲ್ಲ ಪುವಾನ್ ಹಲೀಮಾ! ‘ತಗೊಳ್ಳುವ ಹಾಗಿಲ್ಲ ಆಂಟಿ. ಚಕ್ಕುಲಿ ಆದ್ರೂ ಇಲ್ಲ.’ ನನಗೆ ಬೇಜಾರಾಯ್ತು, ಆಮೇಲೆ ಗೌರವ ಹೆಚ್ಚಾಯ್ತು. ‘ಹಾಗಾದ್ರೆ ನಾನು ಎಂತ ಕೊಡ್ಲಿ?’ ಅಂತ ಕೇಳಿದೆ. ‘ಒಂದು ಕಾಗದ ಬರೀರಿ. ಇಲ್ಲಿಗೆ ಬರುದೆಲ್ಲ ಬೈಗುಳವೇ’ ಅಂದ್ರು. ಅಲ್ಲೇ ಕೌಂಟರಲ್ಲಿ ಪೆನ್ನು ಇಸ್ಕೊಂಡು ನಿಂತೇ ಬರೆದೆ, ಅಜ್ಜನ ಹೆಸರು, ನನ್ನ ಹೆಸರು, ಲಿಮ್, ಮುರುಗೇಶನ್ ಎಲ್ಲರದ್ದೂ ಹಾಕಿ. ಅವರು ಅದನ್ನು ಓದಿ ಎರಡು ಸಲ ಮಡಿಸಿ ಕನ್ನಡಕದ ಪೆಟ್ಟಿಗೆಯೊಳಗೆ ಇಟ್ಕೊಂಡ್ರು, ಫೈಲಿಗೆ ಹಾಕ್ಲಿಲ್ಲ.

ಅದಕ್ಕೇ ಹೇಳುದು. ನಿಮ್ಮಪ್ಪ ಗೊಣಗುದು ಬೇಡ, ಬಿಲ್ ಕಟ್ಟಿ ಸುಮ್ಮನೆ ಕೂತ್ಕೊಳ್ಳುದೂ ಬೇಡ. ಕಟ್ಟಿದ ಮೇಲೆ ಹೋಗಿ ಮರ್ಯಾದೆಯಿಂದ ಕೇಳ್ಬೇಕು. ಮತ್ತೆ ಕೇಳ್ಲಿಕ್ಕೆ ಹೋದ ಬಾಗಿಲಿಗೇ, ಕೆಲಸ ಆದ ಮೇಲೆ, ಒಂದು ಒಳ್ಳೆ ಮಾತು ಹೇಳ್ಲಿಕ್ಕೂ ಹೋಗ್ಬೇಕು. ಅಷ್ಟೇ.